ಬಡ್ತಿಯ ನಂತರದ ಒಂದು ವರ್ಷ: ಅನುಭವ ಇರುವವರು ತಿಳಿಸಿ

ಹದಿನಾಲ್ಕು ವರ್ಷ ಪ್ರಥಮ ದರ್ಜೆ ಸಹಾಯಕಿಯಾಗಿದ್ದೆ. ಹತ್ತು ತಿಂಗಳ ಹಿಂದೆ ಅಧೀಕ್ಷಕರ ಹುದ್ದೆಗೆ ಬಡ್ತಿ ಸಿಕ್ಕಿತು. ಆದೇಶದಲ್ಲಿ ‘ಸ್ಥಾನಾಪನ್ನ’ ಎಂದು, ಅಂದರೆ ಈ ಹುದ್ದೆ ಇನ್ನೂ ಖಾಯಂ ಅಲ್ಲ ಎಂದು, ಬರೆದಿದ್ದಾರೆ. ಮೇಲಧಿಕಾರಿ ಮಾತೆತ್ತಿದರೆ ‘ಹಿಂಬಡ್ತಿ ಮಾಡಿಸುತ್ತೇನೆ’ ಎನ್ನುತ್ತಾರೆ. ಇದೂ ಹೊಸದಾಗಿ ಸೇರಿದವರ ಪ್ರೊಬೇಷನ್ ಇದ್ದಂತೆಯೇ?

ನಿವೃತ್ತ ಅಧೀಕ್ಷಕರೊಬ್ಬರು:
ಮೇಡಂ, ಕಚೇರಿಯಲ್ಲಿ ಎರಡಕ್ಕೂ ಪ್ರೊಬೇಷನ್ ಎಂದೇ ಕರೆಯುತ್ತಾರೆ, ಗೊಂದಲ ಹುಟ್ಟುವುದೇ ಅಲ್ಲಿ. ರಾಜ್ಯ ಸರ್ಕಾರದಲ್ಲಿ ನೇರ ನೇಮಕಾತಿಯವರಿಗೆ 1977ರ ಪ್ರೊಬೇಷನ್ ನಿಯಮಗಳ ಪ್ರಕಾರ ಕನಿಷ್ಠ ಎರಡು ವರ್ಷ. ಬಡ್ತಿ ಪಡೆದವರಿಗೆ ಸಾಮಾನ್ಯ ನೇಮಕಾತಿ ನಿಯಮಗಳಂತೆ ಒಂದು ವರ್ಷದ ಸ್ಥಾನಾಪನ್ನ ಅವಧಿ. ಹೊಸಬರು ಯೋಗ್ಯರಲ್ಲ ಎನಿಸಿದರೆ ಸೇವೆಯಿಂದಲೇ ಬಿಡುಗಡೆ. ನೀವು ಹೋದರೆ ಹಳೆಯ ಮೇಜಿಗೆ. ಅದನ್ನು ನಿರ್ಧರಿಸುವುದೂ ನೇಮಕಾತಿ ಪ್ರಾಧಿಕಾರವೇ ಹೊರತು ಎದುರಿನ ಕೊಠಡಿಯಲ್ಲಿ ಕುಳಿತವರಲ್ಲ.

ನಾನು ಎಡವಿದ್ದು ಬೇರೆ ಕಡೆ. ವರ್ಷ ಮುಗಿಯಿತು, ವಾರ್ಷಿಕ ವೇತನ ಬಡ್ತಿಯೂ ಸಂಬಳಕ್ಕೆ ಸೇರಿತು, ಎಲ್ಲವೂ ತಾನಾಗಿ ಆಯಿತೆಂದುಕೊಂಡೆ. ಮೂರು ವರ್ಷದ ಮೇಲೆ ಮುಂದಿನ ಬಡ್ತಿಯ ಪಟ್ಟಿ ಸಿದ್ಧವಾಗುವಾಗ ಸೇವಾ ಪುಸ್ತಕ ತೆಗೆದರೆ, ಅವಧಿ ತೃಪ್ತಿಕರವಾಗಿ ಪೂರೈಸಿದ್ದೇನೆ ಎಂಬ ಆ ಒಂದು ಸಾಲು ಇಲ್ಲವೇ ಇಲ್ಲ. ವರದಿ ಬರೆಯಬೇಕಿದ್ದ ಅಧಿಕಾರಿ ಅಷ್ಟರಲ್ಲಿ ನಿವೃತ್ತರಾಗಿ ಮಗಳ ಊರು ಸೇರಿದ್ದರು. ಅವರ ಸಹಿಗಾಗಿ ಎರಡು ಸಲ ರಾತ್ರಿ ಬಸ್ಸು ಹತ್ತಿದೆ. ವರ್ಷ ತುಂಬಿದ ಮರುದಿನವೇ ಅರ್ಧ ಪುಟದ ಮನವಿ ಬರೆಯಿರಿ. ಟಪಾಲಿನಲ್ಲಿ ಕೊಟ್ಟು ಮುದ್ರೆ ಹಾಕಿಸಿದ ಪ್ರತಿ ಇಟ್ಟುಕೊಳ್ಳಿ. ಕಡತ ಯಾವ ವಿಷಯ ನಿರ್ವಾಹಕರ ಬಳಿ ಇದೆ ಎಂದು ವಾರಕ್ಕೊಮ್ಮೆ ಕೇಳಿ, ನಾಚಿಕೆ ಬೇಡ.

ಇನ್ನೊಬ್ಬರು, ಇಲಾಖಾ ವಿಚಾರಣೆಗಳನ್ನು ಕಂಡವರು:
ಮೇಲೆ ಉತ್ತರಿಸಿದವರು ಹಿಂಬಡ್ತಿಯನ್ನು ಹಗುರವಾಗಿ ತೆಗೆದುಕೊಂಡರು. ರೈಲ್ವೆಯ ಪರಶೋತ್ತಮ ಲಾಲ್ ಧಿಂಗ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1957ರಲ್ಲೇ ಹೇಳಿದೆ: ಸ್ಥಾನಾಪನ್ನವಾಗಿ ಮೇಲಿನ ಹುದ್ದೆಯಲ್ಲಿದ್ದವರನ್ನು ಹಿಂದಕ್ಕೆ ಕಳಿಸುವುದು ಅಷ್ಟರಿಂದಲೇ ಶಿಕ್ಷೆಯಾಗುವುದಿಲ್ಲ. ಧಿಂಗ್ರಾ ಸೋತರು. ಆದರೆ ಹಿಂಬಡ್ತಿಯ ಜೊತೆಗೆ ಮೂಲ ಹುದ್ದೆಯ ಜ್ಯೇಷ್ಠತೆ ಹೋದರೆ, ವೇತನ ಕಳೆದರೆ, ಅದು ಶಿಕ್ಷೆ. ಆಗ ಸಂವಿಧಾನದ 311ನೇ ವಿಧಿಯಂತೆ ವಿಚಾರಣೆ ನಡೆಸಲೇಬೇಕು. ಹಾಗಾಗಿ ಬಾಯಿಮಾತಿನ ಬೆದರಿಕೆಗೆ ಬಾಯಿಮಾತಿನಲ್ಲಿ ಉತ್ತರ ಕೊಡಬೇಡಿ. ಜ್ಞಾಪನ (ಮೆಮೊ) ಬಂದರೆ ಗಡುವಿನೊಳಗೆ ಬರವಣಿಗೆಯಲ್ಲಿ ಸಮಜಾಯಿಷಿ ಕೊಡಿ. ವಿಲೇವಾರಿ ಮಾಡಿದ ಕಡತಗಳ ಸಂಖ್ಯೆಯನ್ನು ಈಗಿನಿಂದಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಕೇಂದ್ರ ಸರ್ಕಾರದ ನೌಕರರೊಬ್ಬರು:
ನಮ್ಮ ಲೆಕ್ಕವೇ ಬೇರೆ. ಹುದ್ದೆಗಳ ಒಂದೇ ಗುಂಪಿನೊಳಗೆ, ಅಂದರೆ ‘ಸಿ’ಯಿಂದ ‘ಸಿ’ಗೆ ಬಡ್ತಿಯಾದರೆ ಪ್ರೊಬೇಷನ್ ಇಲ್ಲ. ‘ಬಿ’ಯಿಂದ ‘ಎ’ಗೆ ಹೋದರೆ ಇದೆ. ನಮ್ಮ ಸುತ್ತೋಲೆ ಹಿಡಿದು ನಿಮ್ಮ ಕಚೇರಿಯಲ್ಲಿ ವಾದಿಸಬೇಡಿ ಅಕ್ಕ. ನನ್ನ ಭಾವ ಹಾಗೆ ಮಾಡಿ ನಗೆಪಾಟಲಾದರು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ಇಂದು ಸೇವಾ ಪುಸ್ತಕ ತೆಗೆಸಿ ನೋಡಿದೆ. ಬಡ್ತಿಯ ಆದೇಶವೇ ಇನ್ನೂ ನಮೂದಾಗಿಲ್ಲ. ಮೊದಲು ಅದಕ್ಕೊಂದು ಮನವಿ ಬರೆಯುತ್ತಿದ್ದೇನೆ.