ಪದಚರ್ಚೆ: ಉರಿಯೂತ, ಬಾವು, ನಂಜು… ‘ಆಂಟಿ ಇನ್‌ಫ್ಲಮೇಟರಿ’ಗೆ ಏನನ್ನೋಣ?

ಎಲ್ರಿಗೂ ನಮಸ್ಕಾರ.

ಒಂದು ಪದದ ಹತ್ರ ಬಂದು ನಿಂತ್ಬಿಟ್ಟಿದೀನಿ, ನಾಲ್ಕು ದಿನದಿಂದ ಮುಂದಕ್ಕೆ ಹೋಗ್ತಾನೇ ಇಲ್ಲ. ಅರಿಶಿನ, ಶುಂಠಿ, ನೆಲಬೇವು ಇಂಥವುಗಳಲ್ಲಿರೋ ವಸ್ತುಗಳ ಮೇಲೆ ಲ್ಯಾಬ್‌ಗಳಲ್ಲಿ ನಡೆದಿರೋ ಕೆಲಸದ ಬಗ್ಗೆ ಹೈಸ್ಕೂಲ್ ಮಕ್ಕಳಿಗೆ ಅಂತ ಒಂದು ಲೇಖನ ಬರೀತಿದೀನಿ, ಅದರಲ್ಲಿ ಎರಡು ಸಾಲಿಗೊಂದು ಸಲ ‘ಆಂಟಿ ಇನ್‌ಫ್ಲಮೇಟರಿ’ ಬರುತ್ತೆ, ಅಂದ್ರೆ ಗಾಯ, ಸೋಂಕು ಆದಾಗ ಮೈ ಕೆರಳಿ ಕೆಂಪಾಗಿ ಊದೋದನ್ನ (ಇನ್‌ಫ್ಲಮೇಶನ್) ತಗ್ಗಿಸೋ ಗುಣ. ಪೇಪರ್‌ನಲ್ಲಿ, ಮಾತ್ರೆ ಡಬ್ಬಿ ಮೇಲೆ ‘ಉರಿಯೂತ ನಿರೋಧಕ’ ಅಂತ ಇರುತ್ತಲ್ಲ, ನಾನೂ ಅದನ್ನೇ ಬರ್ಕೊಂಡು ಹೋದೆ. ಮೊದಲ ಪುಟ ಅಮ್ಮಂಗೆ ಓದಿ ಹೇಳ್ದೆ. ಪೂರ್ತಿ ಕೇಳಿಸ್ಕೊಂಡು, ನಂಗೆ ಮಂಡಿ ನೋಯುತ್ತೆ, ಸಂಜೆ ಹೊತ್ತಿಗೆ ಬಾತ್ಕೊಳುತ್ತೆ, ಆದ್ರೆ ಉರಿ ಅಂತೂ ಇಲ್ವಲ್ಲ, ಹಾಗಿದ್ರೆ ನಂದು ಈ ಕಾಯಿಲೆ ಅಲ್ಲ ಅನ್ಸುತ್ತೆ ಅಂದ್ರು. ಅಲ್ಲಿಗೆ ನನ್ನ ಬರವಣಿಗೆ ನಿಂತೋಯ್ತು.

ಪದವನ್ನ ಬಿಡಿಸಿ ನೋಡಿದ್ರೆ ಅಚ್ಚ ಕನ್ನಡ. ಉರಿ ಮತ್ತೆ ಊತ, ಮಧ್ಯೆ ಯಕಾರ ಬಂದು ಉರಿಯೂತ. ನೋಡು-ನೋಟ, ಓಡು-ಓಟ ಆದ ಹಾಗೆ ಊದು-ಊತ. ಕಟ್ಟಿದವರು ಯಾರೋ ಚೆನ್ನಾಗಿ ಕಟ್ಟಿದಾರೆ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಇದು ಉರಿಯಿಂದ ಕೂಡಿದ ಊತವೋ, ಇಲ್ಲಾ ಉರಿ ಬೇರೆ ಊತ ಬೇರೆ ಎರಡೂ ಇರಬೇಕೋ? ಅಮ್ಮ ಎರಡೂ ಇರಬೇಕು ಅಂತ ತಗೊಂಡ್ರು, ಹಾಗೆ ತಗೊಂಡಿದ್ದರಲ್ಲಿ ತಪ್ಪೇನೂ ಇಲ್ಲ, ಪದ ಹಾಗೇ ಹೇಳ್ತಿದೆ. ವ್ಯಾಕರಣ ಗೊತ್ತಿರೋರು ಇದು ಯಾವ ಸಮಾಸ ಅಂತ ದಯವಿಟ್ಟು ಹೇಳಿ.

ಇಂಗ್ಲಿಷ್ ಪದದಲ್ಲೂ ಬೆಂಕಿನೇ ಇರೋದು, ಲ್ಯಾಟಿನ್‌ನ ‘ಫ್ಲಮ್ಮ’ ಅಂದ್ರೆ ಜ್ವಾಲೆ. ರೋಮ್‌ನಲ್ಲಿ ವೈದ್ಯದ ಬಗ್ಗೆ ಬರೆದ ಸೆಲ್ಸಸ್ ಒಂದನೇ ಶತಮಾನದಲ್ಲೇ ನಾಲ್ಕು ಗುರುತು ಬರೆದಿಟ್ಟಿದ್ದ: ಕೆಂಪಾಗೋದು, ಊದೋದು, ಕಾವು, ನೋವು. ನಮ್ಮ ಪದ ನಾಲ್ಕರಲ್ಲಿ ಊತವನ್ನ ನೇರವಾಗಿ ಹಿಡಿದಿದೆ, ಕಾವನ್ನ ‘ಉರಿ’ ಮಾಡ್ಕೊಂಡಿದೆ. ಇಲ್ಲೇ ಎಡವಟ್ಟಾಗಿರೋದು ಅಂತ ನಂಗೆ ಅನ್ಸೋದು, ಯಾಕಂದ್ರೆ ಕಾವು ಅನ್ನೋದು ಕೈಯಿಟ್ಟು ನೋಡಿದವರಿಗೆ ಗೊತ್ತಾಗೋದು, ಉರಿ ಅನ್ನೋದು ರೋಗ ಪಡೋರಿಗೆ ಮಾತ್ರ ಗೊತ್ತಾಗೋದು. ಎದೆಯುರಿ, ಕಣ್ಣುರಿ, ಉರಿಮೂತ್ರ, ಹೊಟ್ಟೆಯುರಿ, ನಮ್ಮ ‘ಉರಿ’ಗಳೆಲ್ಲಾ ಒಳಗೆ ಅನುಭವಿಸೋವೇ. ಹಾಗಾಗಿ ‘ಪಿತ್ತಜನಕಾಂಗದ ಉರಿಯೂತ’ ಅಂತ ಹೆಪಟೈಟಿಸ್‌ಗೆ ಬರೆದಾಗ ಓದಿದವರು ಹೊಟ್ಟೆ ಉರಿಯುತ್ತಾ ಅಂತ ಮುಟ್ಟಿ ನೋಡ್ಕೋತಾರೆ. ಅಲ್ಲಿ ಎಷ್ಟೋ ಸಲ ಉರಿನೂ ಇರಲ್ಲ, ಕಣ್ಣಿಗೆ ಕಾಣೋ ಊತನೂ ಇರಲ್ಲ.

ಅಕ್ಕಪಕ್ಕದ ಭಾಷೆಗಳನ್ನ ನೋಡಿದ್ರೆ, ತಮಿಳಲ್ಲಿ ‘ಅಳರ್ಚಿ’ ಅಂತಾರೆ (ಆ ಳ ನಮ್ಮ ಹಳೆಗನ್ನಡದ ೞ). ಬೆಂಕಿ ಅನ್ನೋ ಅರ್ಥದ ‘ಅೞಲ್’ ಇಂದ ಬಂದಿದ್ದು, ನಮ್ಮ ‘ಅಳಲು’ ಕೂಡ ಅದರದ್ದೇ ನಂಟು ಅಂತ ನನ್ನ ಅನಿಸಿಕೆ, ಅಲ್ಲಿ ಮೈ ಬೆಂದ್ರೆ ಇಲ್ಲಿ ಮನಸ್ಸು ಬೇಯುತ್ತೆ. ಮರಾಠಿಯವರು ‘ದಾಹ’ ಅಂತಾರೆ. ನಾವು ಅದನ್ನ ತರೋ ಹಾಗೇ ಇಲ್ಲ, ದಾಹ ಅಂದ್ರೆ ಒಂದು ಚೊಂಬು ನೀರು ಕೊಡ್ತಾರೆ. ಇನ್ನು ಸಂಸ್ಕೃತದ ಶೋಥ, ಶ್ವಯಥು ಎರಡೂ ಊದು ಅನ್ನೋ ಅರ್ಥದ ಧಾತುವಿನಿಂದ ಬಂದಿರೋವು. ಚರಕ ಸಂಹಿತೆಯಲ್ಲಿ ‘ಶ್ವಯಥುಹರ’ ಅಂತ ಹತ್ತು ಗಿಡಗಳ ಗುಂಪೇ ಇದೆ, ಬಿಲ್ವ, ನೆಗ್ಗಿಲು, ಪಾಟಲ ಎಲ್ಲಾ ಸೇರಿ ದಶಮೂಲ ಆಗೋವು. ಆದ್ರೆ ಅಲ್ಲಿ ಲೆಕ್ಕ ಊತದ್ದು. ಕಾಲಲ್ಲಿ ನೀರು ತುಂಬ್ಕೊಂಡ್ರೂ ಶೋಥನೇ. ಹಾಗಾಗಿ ‘ಶೋಥಹರ’ ಅಂದ ತಕ್ಷಣ ಈಗಿನ ಲ್ಯಾಬ್‌ನವರು ಹೇಳೋ ಅರ್ಥವೇ ಅದರಲ್ಲಿದೆ ಅಂತ ಬರೆಯೋದು ಸರಿಯಲ್ಲ.

ಮನೆಮಾತಲ್ಲಿ ಏನಿದೆ ಅಂತ ಹುಡುಕ್ದೆ. ನಮ್ಮ ತಿಪಟೂರು ಕಡೆ ‘ಬಾವು’. ಗಂಟಲು ಬಾವು, ಮಂಗನ ಬಾವು, ವಸಡು ಬಾತ್ಕೊಂಡಿದೆ. ನಂಗೆ ಈ ಪದ ತುಂಬಾ ಇಷ್ಟ, ಯಾಕಂದ್ರೆ ಉರಿ ಇರ್ಲೇಬೇಕು ಅಂತ ಇದು ಹೇಳಲ್ಲ, ಆದ್ರೆ ಬರೀ ಊತಕ್ಕಿಂತ ಏನೋ ಹೆಚ್ಚು ಅನ್ನೋದು ಕೇಳಿದವರಿಗೆ ಗೊತ್ತಾಗುತ್ತೆ. ಆಮೇಲೆ ‘ನಂಜು’. ಗಾಯ ಆದಾಗ ಬದನೆಕಾಯಿ ತಿನ್ಬೇಡ ನಂಜು ಅಂತಾರೆ, ಗಾಯ ಕೆಂಪಗಾಗಿ ಕೀವಾದ್ರೆ ನಂಜಾಯ್ತು ಅಂತಾರೆ, ಅರಿಶಿನ ಹಚ್ಚಿದ್ರೆ ನಂಜು ಮುರಿಯುತ್ತೆ ಅಂತಾರೆ. ಈ ಒಂದು ನಂಜಿನೊಳಗೆ ಸೋಂಕು, ವಿಷ, ಇನ್‌ಫ್ಲಮೇಶನ್ ಮೂರೂ ಇದಾವೆ. ಮನೆಯಲ್ಲಿ ಅದು ಸಾಕು, ಲೇಖನಕ್ಕೆ ಸಾಲಲ್ಲ.

ಕ್ರಿಯಾಪದಗಳನ್ನೂ ಗಮನಿಸಿ. ಬಾವು ಇಳಿಯುತ್ತೆ, ಉರಿ ಆರುತ್ತೆ, ನೋವು ನಿಲ್ಲುತ್ತೆ, ಜ್ವರ ಬಿಡುತ್ತೆ, ನಂಜು ಮುರಿಯುತ್ತೆ. ಒಂದರ ಕ್ರಿಯಾಪದ ಇನ್ನೊಂದಕ್ಕೆ ಎಲ್ಲಾ ಸಲ ಹೊಂದಲ್ಲ. ಇಷ್ಟು ಸೂಕ್ಷ್ಮವಾಗಿರೋ ಭಾಷೆಯಲ್ಲಿ ಎಲ್ಲಾದಕ್ಕೂ ‘ನಿರೋಧಕ’ ಅಂತ ಒಂದೇ ಬಾಲ ಅಂಟಿಸ್ತಾ ಇದೀವಿ.

ಈಗ ನಂಗೆ ನಿಜವಾಗಿ ಕಾಡ್ತಿರೋ ವಿಷಯಕ್ಕೆ ಬರ್ತೀನಿ. ಲ್ಯಾಬ್‌ನಲ್ಲಿ ‘ಆಂಟಿ ಇನ್‌ಫ್ಲಮೇಟರಿ ಗುಣ ಕಂಡುಬಂತು’ ಅಂತ ಹೇಳೋದು ಒಂದೇ ಥರದ ಪ್ರಯೋಗ ನೋಡಿ ಅಲ್ಲ. ಒಂದು ಹಳೇದು, 1962ರಿಂದ ಬಳಕೆಯಲ್ಲಿದೆ: ಇಲಿಯ ಪಾದಕ್ಕೆ ಕ್ಯಾರಜೀನನ್ ಅನ್ನೋ, ಕೆಂಪು ಕಡಲಪಾಚಿಯಿಂದ ತೆಗೆದ ವಸ್ತು ಚುಚ್ತಾರೆ, ಕೆಲವೇ ಗಂಟೆಯಲ್ಲಿ ಪಾದ ಊದುತ್ತೆ, ಆ ಪಾದವನ್ನ ದ್ರವದಲ್ಲಿ ಅದ್ದಿ ದ್ರವ ಎಷ್ಟು ಏರಿತು ಅಂತ ಅಳೀತಾರೆ, ಮೊದಲೇ ಗಿಡದ ಸಾರ ಕೊಟ್ಟಿದ್ದ ಇಲಿಯ ಪಾದ ಕಡಿಮೆ ಊದಿದೆಯಾ ಅಂತ ನೋಡ್ತಾರೆ. ಇಲ್ಲಿ ಊತ ನಿಜವಾದ ಊತ. ‘ಊತ ಇಳಿಸಿತು’ ಅಂತ ಕಣ್ಣುಮುಚ್ಚಿ ಬರೀಬಹುದು, ಇಲಿಯಲ್ಲಿ ಅಂತ ಸೇರಿಸಿದ್ರೆ ಸಾಕು.

ಇನ್ನೊಂದು, ಈಗ ಎಲ್ಲಾ ಕಡೆ ಮಾಡೋದು, ತಟ್ಟೆಯಲ್ಲಿ. ಇಲಿಯಿಂದ ಬಂದ ಭಕ್ಷಕ ಕಣಗಳನ್ನ (ರೋಗಾಣುಗಳನ್ನ ನುಂಗೋ ಜೀವಕೋಶಗಳು) ಪುಟ್ಟ ಗುಳಿಗಳಿರೋ ಪ್ಲಾಸ್ಟಿಕ್ ತಟ್ಟೆಯಲ್ಲಿ ಬೆಳೆಸ್ತಾರೆ, ಬ್ಯಾಕ್ಟೀರಿಯಾದ ಹೊರಕವಚದ ಒಂದು ವಸ್ತು ಹಾಕಿ ಆ ಕಣಗಳನ್ನ ಕೆರಳಿಸ್ತಾರೆ, ಕೆರಳಿದ ಕಣ ನೈಟ್ರಿಕ್ ಆಕ್ಸೈಡ್ ಬಿಡುತ್ತೆ, ಅದನ್ನ ಒಂದು ದ್ರಾವಣ ಹಾಕಿ ಗುಲಾಬಿ ಬಣ್ಣ ಎಷ್ಟು ಗಾಢ ಬಂತು ಅಂತ ಮೆಷೀನಲ್ಲಿ ಓದ್ತಾರೆ. ಅರಿಶಿನದ ಹಳದಿ ವಸ್ತು ಕರ್ಕ್ಯುಮಿನ್ ಹಾಕಿದ ಗುಳಿಯಲ್ಲಿ ಬಣ್ಣ ತೆಳುವಾದ್ರೆ ‘ಆಂಟಿ ಇನ್‌ಫ್ಲಮೇಟರಿ’. ಇಲ್ಲಾಂದ್ರೆ ಕಣದೊಳಗೆ ಈ ಕೆರಳುವಿಕೆಗೆ ಚಾಲನೆ ಕೊಡೋ ಎನ್‌ಎಫ್ ಕಪ್ಪಾ ಬಿ ಅನ್ನೋ ಪ್ರೋಟೀನ್ ಚುರುಕಾಯ್ತಾ ಇಲ್ವಾ ಅಂತ ನೋಡ್ತಾರೆ, ಅದನ್ನ ಕಂಡುಹಿಡಿದಿದ್ದು 1986ರಲ್ಲಿ ರಂಜನ್ ಸೇನ್ ಮತ್ತೆ ಡೇವಿಡ್ ಬಾಲ್ಟಿಮೋರ್. ಕರ್ಕ್ಯುಮಿನ್ ಅದನ್ನ ತಡೆಯುತ್ತೆ ಅಂತ 1995ರಲ್ಲಿ ತೋರಿಸಿದ್ರು. ಇದೆಲ್ಲಾ ನಿಜವಾದ, ಒಳ್ಳೆ ಕೆಲಸ. ಆದ್ರೆ ಆ ತಟ್ಟೆಯಲ್ಲಿ ಏನು ಉರೀತು, ಏನು ಊದಿತು? ಉರಿನೂ ಇಲ್ಲ, ಊತನೂ ಇಲ್ಲ, ಮಂಡಿ ಅಂತೂ ಇಲ್ವೇ ಇಲ್ಲ. ಅದನ್ನ ‘ಉರಿಯೂತ ಶಮನ ಮಾಡಿದೆ’ ಅಂತ ಕನ್ನಡದಲ್ಲಿ ಬರೆದಾಗ ಓದೋರ ಕಣ್ಣಿಗೆ ಬರೋದು ಒಬ್ಬ ಮನುಷ್ಯ, ಅವನ ಊದಿದ ಕಾಲು, ಅದು ಇಳಿದಿದ್ದು. ಇಂಗ್ಲಿಷ್ ಪದ ಓದುವಾಗ ಬೆಂಕಿ ಯಾರಿಗೂ ಕಾಣಲ್ಲ, ಅದು ಸವೆದು ಹೋಗಿದೆ. ನಮ್ಮ ಪದ ಸವೆದಿಲ್ಲ, ಇನ್ನೂ ಉರೀತಾನೇ ಇದೆ, ಅದಕ್ಕೇ ಅದನ್ನ ಎಲ್ಲಿ ಹಾಕ್ತೀವಿ ಅನ್ನೋದರಲ್ಲಿ ಹೆಚ್ಚು ಹುಷಾರಾಗಿರಬೇಕು ಅನ್ನೋದು ನನ್ನ ವಾದ.

ತಟ್ಟೆಗೂ ಮೈಗೂ ಎಷ್ಟು ದೂರ ಅಂತ ಲೆಕ್ಕ ಕೊಡ್ತೀನಿ. ತಟ್ಟೆಯಲ್ಲಿ ಕರ್ಕ್ಯುಮಿನ್ ಸಾಮಾನ್ಯವಾಗಿ 10 ಮೈಕ್ರೋಮೋಲಾರ್ (ದ್ರವದಲ್ಲಿ ವಸ್ತು ಎಷ್ಟು ಬೆರೆತಿದೆ ಅನ್ನೋದರ ಅಳತೆ) ಅಥವಾ ಅದಕ್ಕಿಂತ ಹೆಚ್ಚು ಹಾಕ್ತಾರೆ. 2001ರಲ್ಲಿ ತೈವಾನ್‌ನ ಒಂದು ಅಧ್ಯಯನದಲ್ಲಿ ದಿನಕ್ಕೆ 8 ಗ್ರಾಂ ಕರ್ಕ್ಯುಮಿನ್ ತಿಂದವರ ರಕ್ತದಲ್ಲಿ ಸರಾಸರಿ ಅತಿ ಹೆಚ್ಚು ಅಂದ್ರೆ 1.77 ಮೈಕ್ರೋಮೋಲಾರ್ ಸಿಕ್ತು. ಅರಿಶಿನದಲ್ಲಿ ಕರ್ಕ್ಯುಮಿನ್ ಇರೋದು ಶೇಕಡಾ 3ರ ಆಸುಪಾಸು, ಅಂದ್ರೆ 8 ಗ್ರಾಂ ಆಗಬೇಕಾದ್ರೆ ಕಾಲು ಕೆಜಿಗಿಂತ ಜಾಸ್ತಿ ಅರಿಶಿನ ಬೇಕು, ಸಾರಿಗೆ ನಾವು ಹಾಕೋದು ಒಂದು ಚಿಟಿಕೆ. ಜೊತೆಗೆ ಅದು ತಟ್ಟೆಯ ನೀರಿನಲ್ಲೂ ಗಟ್ಟಿಯಾಗಿ ನಿಲ್ಲಲ್ಲ, ಸೀರಂ (ರಕ್ತದಿಂದ ತೆಗೆದ ತಿಳಿ ದ್ರವ) ಇಲ್ಲದ ದ್ರಾವಣದಲ್ಲಿ ನಮ್ಮ ಮೈಯಷ್ಟೇ ಬಿಸಿ ಇಟ್ರೆ ಅರ್ಧ ಗಂಟೆಯಲ್ಲಿ ಸುಮಾರು ಶೇಕಡಾ 90 ಒಡೆದು ಹೋಗುತ್ತೆ. ಮೇಲಿಂದ ಅದೇ ಒಂದು ಬಣ್ಣ. ಅರಿಶಿನಕ್ಕೆ ಸುಣ್ಣ ಬೆರೆಸಿದ್ರೆ ಆರತಿ ನೀರು ಕೆಂಪಾಗುತ್ತಲ್ಲ, ಅದು ಇದೇ ಕರ್ಕ್ಯುಮಿನ್ ಆಟ. ಬಣ್ಣ ನೋಡಿ ಅಳೆಯೋ ಪರೀಕ್ಷೆಗೆ ಬಣ್ಣದ ವಸ್ತುನೇ ಹಾಕಿದ್ರೆ ಅದು ಪರೀಕ್ಷೆಗೇ ಅಡ್ಡ ಬರುತ್ತೆ. 2017ರಲ್ಲಿ ಔಷಧ ರಸಾಯನಶಾಸ್ತ್ರದವರು ಇಂಥ ಅಡ್ಡಿಗಳನ್ನೆಲ್ಲಾ ಒಂದು ಕಡೆ ಕೂಡಿಸಿ ಬರೆದು, ಕರ್ಕ್ಯುಮಿನ್ ಮೇಲಿನ ಯಾವ ಡಬಲ್ ಬ್ಲೈಂಡ್ ಕ್ಲಿನಿಕಲ್ ಟ್ರಯಲ್ಲೂ (ಯಾರಿಗೆ ನಿಜವಾದ ಮದ್ದು ಸಿಕ್ತು ಅಂತ ಕೊಡೋರಿಗೂ ತಗೊಳ್ಳೋರಿಗೂ ಗೊತ್ತಿಲ್ಲದ ಹಾಗೆ ಜನರ ಮೇಲೆ ಮಾಡೋ ಪರೀಕ್ಷೆ) ಅಲ್ಲಿವರೆಗೆ ಯಶಸ್ಸು ಕಂಡಿಲ್ಲ ಅಂತ ಹೇಳಿದ್ರು.

ನಮ್ಮ ನಾಡಿನ ಕೆಲಸವೂ ಇದರಲ್ಲಿದೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್, ಅಂದ್ರೆ ಕಾಳುಮೆಣಸಿನ ಖಾರದ ವಸ್ತು, ಕೊಟ್ಟು ನೋಡಿದ್ರು, ಮನುಷ್ಯರಲ್ಲಿ ಅದರ ಲಭ್ಯತೆ ಶೇಕಡಾ 2000ರಷ್ಟು ಏರಿತು. ಜಗತ್ತೆಲ್ಲಾ ಇದನ್ನ ಈಗಲೂ ಎತ್ತಿ ಹೇಳುತ್ತೆ, ಆದ್ರೆ ಬರೀ ಕರ್ಕ್ಯುಮಿನ್ ಕೊಟ್ಟಾಗ ರಕ್ತದಲ್ಲಿ ಸಿಕ್ಕಿದ್ದು ಇಲ್ಲ ಅನ್ನೋವಷ್ಟು ಕಡಿಮೆ ಅನ್ನೋದನ್ನ ಬಿಟ್ಬಿಡ್ತಾರೆ. ತಿಂದಿದ್ದರಲ್ಲಿ ಎಷ್ಟು ರಕ್ತಕ್ಕೆ ಸೇರುತ್ತೆ ಅನ್ನೋದಕ್ಕೆ ಇಂಗ್ಲಿಷಲ್ಲಿ ‘ಬಯೋಅವೈಲಬಿಲಿಟಿ’ ಅಂತಾರೆ, ಅದನ್ನ ‘ಜೈವಿಕ ಲಭ್ಯತೆ’ ಅಂತ ಪುಸ್ತಕದವರು ಬರೀತಾರೆ. ನಂಗೆ ನಮ್ಮಜ್ಜಿ ಮಾತು ನೆನಪಾಗುತ್ತೆ, ಈ ಹುಡುಗಂಗೆ ತಿಂದಿದ್ದು ಮೈಗೆ ಹತ್ತಲ್ಲ ಅಂತಿದ್ರು. ಕರ್ಕ್ಯುಮಿನ್ ಸುಲಭಕ್ಕೆ ಮೈಗೆ ಹತ್ತಲ್ಲ, ಮೆಣಸು ಸೇರಿದ್ರೆ ಹತ್ತುತ್ತೆ. ಇಷ್ಟೇ ಬರೆದ್ರೆ ತಪ್ಪಾಗುತ್ತಾ? ಮೈಗೆ ಹತ್ತೋದು ಅಂದ್ರೆ ದಪ್ಪ ಆಗೋದು ಅನ್ನೋ ಅರ್ಥ ನಿಮ್ಮ ಕಡೆ ಜೋರಾಗಿದ್ರೆ ಹೇಳಿ, ಬಿಟ್ಬಿಡ್ತೀನಿ.

‘ನಿರೋಧಕ’ ಬೇಡ ಅನ್ನೋಕೆ ಇನ್ನೊಂದು ಕಾರಣ ಇದೆ. ಜನಕ್ಕೆ ಗೊತ್ತಿರೋದು ‘ರೋಗನಿರೋಧಕ ಶಕ್ತಿ’. ಅದರ ಪಕ್ಕದಲ್ಲೇ ‘ಉರಿಯೂತ ನಿರೋಧಕ’ ಅಂತ ಬಂದ್ರೆ ಎರಡೂ ಒಂದೇ ದಿಕ್ಕಿನ ಒಳ್ಳೆ ಗುಣ ಅನ್ಸುತ್ತೆ. ನಿಜದಲ್ಲಿ ಗಾಯ ಬಾತುಕೊಳ್ಳೋದು ರೋಗನಿರೋಧಕ ಶಕ್ತಿಯ ಕೆಲಸವೇ, ಸ್ಟೀರಾಯ್ಡ್ ಕೊಟ್ರೆ ಬಾವು ಇಳಿಯುತ್ತೆ, ಜೊತೆಗೆ ಸೋಂಕಿನ ವಿರುದ್ಧ ಹೋರಾಡೋ ಶಕ್ತಿನೂ ಕುಗ್ಗುತ್ತೆ. ಅಮ್ಮನ ಮಾತ್ರೆ ಡಬ್ಬಿ ಮೇಲೆ ಎರಡೂ ಒಂದೇ ಸಾಲಲ್ಲಿ ಇದೆ, ಒಂದನ್ನ ಹೆಚ್ಚಿಸುತ್ತಂತೆ, ಇನ್ನೊಂದನ್ನ ತಡೆಯುತ್ತಂತೆ, ಓದಿದವರಿಗೆ ಅವೆರಡಕ್ಕೂ ಇರೋ ಸಂಬಂಧ ಹೊಳೆಯೋ ದಾರಿನೇ ಇಲ್ಲ. ಇದು ನಂಗೆ ಬೇಜಾರಿನ ವಿಷಯ, ಅಮ್ಮ ಆ ಡಬ್ಬಿಯ ಮಾತು ನಂಬಿ ಡಾಕ್ಟ್ರು ಕೊಟ್ಟ ಬೇರೆ ಮಾತ್ರೆ ಎರಡು ತಿಂಗಳು ಬಿಟ್ಟಿದ್ರು.

ಗಿಡ, ಗಿಡದ ಸಾರ, ಸಾರದೊಳಗಿನ ಒಂದು ವಸ್ತು, ಈ ಮೂರನ್ನೂ ಬೇರೆ ಬೇರೆ ಹೇಳ್ಲೇಬೇಕು. ಶುಂಠಿ ವಿಷಯದಲ್ಲಂತೂ ಉತ್ತರ ಕರ್ನಾಟಕದವರ ಮಾತೇ ಚೆಂದ, ಹಸಿ ಶುಂಠಿಗೆ ‘ಅಲ್ಲ’ ಅಂತಾರೆ, ಒಣಗಿದ್ದಕ್ಕೆ ಮಾತ್ರ ‘ಶುಂಠಿ’. ಒಣಗಿದಾಗ ಅದರ ಖಾರದ ವಸ್ತು ಜಿಂಜರಾಲ್‌ನಲ್ಲಿ ಒಂದಿಷ್ಟು ಭಾಗ ನೀರು ಕಳ್ಕೊಂಡು ಶೋಗಾಲ್ ಅನ್ನೋ ಬೇರೆ ವಸ್ತು ಆಗುತ್ತೆ, ವಸ್ತುನೇ ಬದಲಾಗುತ್ತೆ, ಹೆಸರೂ ಬದಲಾಗಿದೆ.

ಸದ್ಯಕ್ಕೆ ನಾನು ಮಾಡ್ಕೊಂಡಿರೋದು ಹೀಗೆ: ಮನುಷ್ಯರ ವಿಷಯ ಬಂದಾಗ ‘ಬಾವು ಇಳಿಸುವ’, ಇಲಿ ಪಾದದ ಪ್ರಯೋಗಕ್ಕೆ ‘ಊತ ತಗ್ಗಿಸಿತು’, ತಟ್ಟೆಯ ಪ್ರಯೋಗಕ್ಕೆ ‘ಕಣಗಳ ಕೆರಳುವಿಕೆ ತಡೆಯಿತು’. ಕೆರಳು ಅನ್ನೋದು ಹುಣ್ಣಿಗೂ ಹೇಳ್ತೀವಿ, ಹಾವಿಗೂ ಹೇಳ್ತೀವಿ, ಬೆರಳಿಂದ ಕೆದಕಿದ್ರೆ ಗಾಯ ಕೆರಳುತ್ತೆ, ಹಾಗಾಗಿ ಇನ್‌ಫ್ಲಮೇಶನ್‌ಗೆ ‘ಕೆರಳು’ ಹತ್ತಿರದ್ದು ಅನ್ಸುತ್ತೆ. ‘ಉರಿಯೂತ’ವನ್ನ ಒಂದೇ ಒಂದು ಸಲ, ಶುರುವಲ್ಲಿ, ಪಠ್ಯಪುಸ್ತಕದಲ್ಲಿ ಹೀಗೆ ಬರುತ್ತೆ ಅಂತ ಪರಿಚಯ ಮಾಡ್ಕೊಟ್ಟು ಬಿಡೋಣ ಅಂತ. ಒಂದೇ ಪದ ಇಲ್ಲದಿದ್ರೆ ಮಕ್ಕಳಿಗೆ ಗೊಂದಲ ಆಗುತ್ತೆ ಅಂತ ಇಬ್ಬರು ಸ್ನೇಹಿತರು ಹೇಳಿದಾರೆ, ಆ ಮಾತಲ್ಲೂ ತೂಕ ಇದೆ, ಆದ್ರೆ ಮೂರು ಬೇರೆ ಬೇರೆ ಸಂಗತಿಗೆ ಒಂದೇ ಹೆಸರಿಟ್ಟು ಆಗೋ ಗೊಂದಲ ಅದಕ್ಕಿಂತ ದೊಡ್ಡದು.

ನಿಮ್ಮಿಂದ ಬೇಕಾಗಿರೋದು: ಕರಾವಳಿ, ಮಲೆನಾಡು, ಕಲಬುರಗಿ ಕಡೆಯವರು ಗಾಯ ಕೆಂಪಾಗಿ ಬಿಸಿಯಾಗಿ ಊದಿದ್ರೆ ಮನೆಯಲ್ಲಿ ಏನಂತೀರಿ? ‘ಬಾವು’ ಅಂದ್ರೆ ನಿಮ್ಮಲ್ಲಿ ಕೀವು ಇರ್ಲೇಬೇಕಾ? ದನದ ಕೆಚ್ಚಲು ಬಾತಾಗ ಬೇರೆ ಪದ ಇದ್ರೆ ಅದೂ ಬೇಕು, ಹೈನು ಮಾಡೋರ ಬಾಯಲ್ಲಿ ಇಂಥ ಪದ ಇನ್ನೂ ಇರುತ್ತೆ. ಭಾನುವಾರ ರಾತ್ರಿ ಒಳಗೆ ಬರೆದ್ರೆ ಲೇಖನದಲ್ಲಿ ಸೇರಿಸ್ಕೋತೀನಿ.