ಅಪ್‌ಡೇಟ್: ಹಳೇ ನೇಟಿವ್ ಲೈಬ್ರರಿ ಕೊನೆಗೂ ಹೋಯಿತು

ನಮ್ಮ ಜಾವಾ ಪ್ರಾಜೆಕ್ಟಿನಲ್ಲಿ ಯಾರೂ ಮುಟ್ಟದೆ ಬಿದ್ದಿದ್ದ, ಸಿ ಭಾಷೆಯಲ್ಲಿ ಬರೆದ ಒಂದು ಲೈಬ್ರರಿಯನ್ನು ತೆಗೆಯಬಹುದಾ ಅಂತ ಹೋದ ವಾರ ಕೇಳಿದ್ದೆ. ಎಸ್‌ಟ್ರೇಸ್ ಹಚ್ಚಿ ನೋಡಿ ಅಂತ ಸಲಹೆ ಬಂದಿತ್ತು. ತೆಗೆದಾಯಿತು.

ಅದನ್ನು ಯಾರು ಬಳಸುತ್ತಿದ್ದಾರೆ ಅಂತ ಮೊದಲು ಗ್ರೆಪ್‌ನಲ್ಲಿ (ಫೈಲ್‌ಗಳೊಳಗೆ ಪದ ಹುಡುಕುವ ಟೂಲ್) ನೋಡಿದೆ, ಏನೂ ಸಿಗಲಿಲ್ಲ. ಯಾಕೆಂದರೆ ಲೈಬ್ರರಿಯ ಹೆಸರನ್ನು ಕೋಡ್ ಎರಡು ತುಂಡು ಸ್ಟ್ರಿಂಗ್ ಜೋಡಿಸಿ ಮಾಡುತ್ತಿತ್ತು. ಪ್ರೋಗ್ರಾಂಗೆ ಯಾವ ಲೈಬ್ರರಿ ಬೇಕು ಅಂತ ಪಟ್ಟಿ ಕೊಡುವ ಎಲ್‌ಡಿಡಿಯೂ ತೋರಿಸಲಿಲ್ಲ, ಪ್ರೋಗ್ರಾಂ ಓಡುವಾಗ ಲೋಡ್ ಆಗುವುದು ಅದಕ್ಕೆ ಕಾಣುವುದಿಲ್ಲ ಅಲ್ವಾ. ಕೆಲಸಕ್ಕೆ ಬಂದದ್ದು ಎಸ್‌ಟ್ರೇಸ್ ಸಲಹೆ. ಓಡುತ್ತಿರುವ ಪ್ರೋಗ್ರಾಂ ಯಾವ ಫೈಲ್ ತೆರೆಯುತ್ತದೆ ಅನ್ನುವಂಥದ್ದನ್ನೆಲ್ಲ ಅದು ಸಾಲುಸಾಲಾಗಿ ತೋರಿಸುತ್ತದೆ. ಅದಕ್ಕೆ ಮೈನಸ್ ಎಫ್ (-f) ಆಯ್ಕೆ ಕೊಡಲೇಬೇಕು, ಇಲ್ಲದಿದ್ದರೆ ಉಳಿದ ಥ್ರೆಡ್‌ಗಳು ತಪ್ಪಿಹೋಗುತ್ತವೆ. ರಾತ್ರಿಯ ರಿಪೋರ್ಟ್ ಜಾಬ್ ಶುರುವಾದಾಗ ಆ ಲೈಬ್ರರಿ ಫೈಲ್ ತೆರೆದ ಸಾಲು ಕಣ್ಣೆದುರೇ ಬಂತು. ಬಳಕೆಯಲ್ಲಿದ್ದದ್ದು ಒಂದೇ ಒಂದು ಚೆಕ್‌ಸಮ್ ಫಂಕ್ಷನ್, ಅಂದರೆ ಫೈಲ್‌ನ ಬೈಟ್‌ಗಳಿಂದ ಒಂದು ತಾಳೆ ಸಂಖ್ಯೆ ಲೆಕ್ಕ ಹಾಕುವುದು.

ಅದನ್ನು ಜಾವಾದಲ್ಲೇ ಬರೆದೆ. ಆದರೆ ಕೆಲವು ಹಳೇ ಫೈಲ್‌ಗಳಿಗೆ ಮಾತ್ರ ಲೆಕ್ಕ ತಾಳೆಯಾಗಲಿಲ್ಲ. ಎರಡು ದಿನ ಇಲ್ಲೇ ಹೋಯಿತು. ಎಕ್ಸ್86 ಪ್ರೊಸೆಸರ್‌ನಲ್ಲಿ ಜಿಸಿಸಿ ಅನ್ನುವ ಸಿ ಕಂಪೈಲರ್‌ಗೆ ಚಾರ್ (ಸಿಯಲ್ಲಿ ಒಂದು ಬೈಟ್ ಹಿಡಿಯುವ ಟೈಪ್) ಅಂದರೆ ಸೈನ್ಡ್, ಅಂದರೆ ಅದರಲ್ಲಿ ಮೈನಸ್ ಸಂಖ್ಯೆಗಳೂ ಇರುತ್ತವೆ. 200 ಅನ್ನುವ ಬೈಟ್ ಅಲ್ಲಿ -56 ಆಗುತ್ತದೆ. ಜಾವಾದ ಬೈಟ್ ಕೂಡ ಹಾಗೆಯೇ, ಆದರೆ ನಾನು ಅಭ್ಯಾಸಬಲದಿಂದ ಅದನ್ನು 255ರ ಜೊತೆ ಆಂಡ್ ಮಾಡಿದ್ದೆ, ಹಾಗಾಗಿ -56 ಮತ್ತೆ 200 ಆಗುತ್ತಿತ್ತು. ಆ ಆಂಡ್ ತೆಗೆದ ಕೂಡಲೇ ಎಲ್ಲವೂ ಹೊಂದಿಕೊಂಡಿತು. ಎಆರ್‌ಎಂ ಪ್ರೊಸೆಸರ್‌ನ ಲಿನಕ್ಸ್‌ನಲ್ಲಿ ಚಾರ್ ಅನ್‌ಸೈನ್ಡ್, ಮೈನಸ್ ಇಲ್ಲ. ಹಳೇ ಸಿ ಲೈಬ್ರರಿಯನ್ನೇ ಅಲ್ಲಿ ಸುಮ್ನೆ ಮತ್ತೆ ಕಂಪೈಲ್ ಮಾಡಿದ್ದರೂ ಇದೇ ಪೆಟ್ಟು ಬೀಳುತ್ತಿತ್ತು.

ಆ ಹಳೇ ಫೈಲ್‌ಗಳನ್ನು ಈಗ ಟೆಸ್ಟ್‌ಗೆ ಸೇರಿಸಿದ್ದೇನೆ. ಎಸ್‌ಟ್ರೇಸ್ ಹೇಳಿದವರಿಗೆ ತುಂಬಾ ಥ್ಯಾಂಕ್ಸ್.