ಸೂರ್ಯನೇ ಮಲಗಿಲ್ಲ, ಕೂಸು ಹೇಗೆ ಮಲಗೀತು?

ಎರಡೂವರೆ ವರ್ಷದ ಮಗ ರಾತ್ರಿ ಹಾಸಿಗೆಯಲ್ಲಿ ನಿಲ್ಲುವುದೇ ಇಲ್ಲ, ಎದ್ದೆದ್ದು ಬರುತ್ತಾನೆ ಅಂತ ಬರೆದಿದ್ದೀರಿ. ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ಹೋದ ಬೇಸಿಗೆಯಲ್ಲಿ ನಮ್ಮ ಮನೆಯಲ್ಲೂ ಇದೇ ಪಾಡು. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ, ಮರದ ನೆಲ. ಮಗಳು ಎದ್ದು ಓಡಿದರೆ ಕೆಳಗಿನವರ ತಲೆ ಮೇಲೆ ಕುದುರೆ ಓಡಿದ ಹಾಗೆ. ಒಂದು ರಾತ್ರಿ ಎಣಿಸಿದೆ, 23 ಸಲ ಎದ್ದು ಬಂದಳು. ನೀರು ಬೇಕು. ಸುಸು ಬಂತು. ಟೆಡ್ಡಿಗೆ ಚಳಿ. ಕೊನೆಗೆ ಒಂಬತ್ತೂವರೆಗೆ ಬಂದು ಕಿಟಕಿ ತೋರಿಸಿ, "ಅಮ್ಮಾ, ಬೆಳಗಾಯ್ತು" ಅಂದಳು.

ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು? ಜೂನ್ ಕೊನೆಯಲ್ಲಿ ಇಲ್ಲಿ ಸೂರ್ಯ ಮುಳುಗುವುದು ರಾತ್ರಿ 10ರ ಹೊತ್ತಿಗೆ, ಹುಟ್ಟುವುದು ಬೆಳಗಿನ ಜಾವ 4.30ಕ್ಕೆ. ನಾನು ಬೆಳೆದ ತೀರ್ಥಹಳ್ಳಿಯಲ್ಲಿ ಮಳೆಗಾಲವಿರಲಿ, ಚಳಿಗಾಲವಿರಲಿ, ದೀಪ ಹಚ್ಚುವ ಹೊತ್ತು ಹೆಚ್ಚೆಂದರೆ ಒಂದು ಗಂಟೆ ಆಚೀಚೆ. ಕತ್ತಲಾಯಿತು ಅಂದರೆ ಊಟ, ಆಮೇಲೆ ನಿದ್ದೆ. ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ನಿದ್ದೆಗೆ ಮೈಯನ್ನು ಸಜ್ಜು ಮಾಡುವ ಮೆಲಟೋನಿನ್ ಅನ್ನುವ ಹಾರ್ಮೋನ್ ಏರಬೇಕಾದರೆ ಕತ್ತಲೆ ಬೇಕು. ಬೆಳಕು ಅದನ್ನು ತಡೆಯುತ್ತದೆ, ಮಕ್ಕಳಲ್ಲಂತೂ ಜಾಸ್ತಿ. ಹೊರಗೆ ಬಿಸಿಲು ಕಾಯುತ್ತಿರುವಾಗ ನಾನು "ರಾತ್ರಿ ಆಯ್ತು ಮಲ್ಕೋ" ಅಂತ ಕೂಗುತ್ತಿದ್ದೆ. ಸುಳ್ಳು ಹೇಳುತ್ತಿದ್ದವಳು ನಾನೇ, ಅಲ್ವಾ?

ಬಾಡಿಗೆ ಮನೆಯಲ್ಲಿ ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಅದಕ್ಕೆ ಅಡುಗೆಮನೆಯ ಫಾಯಿಲ್ ತಂದು, ಗಾಜಿಗೆ ನೀರು ಚಿಮುಕಿಸಿ ಅಂಟಿಸಿದೆವು. ಎದುರು ಮನೆಯವರು ನಮ್ಮನ್ನು ಏನಂದುಕೊಂಡರೋ. ಆಮೇಲೆ ಸಕ್ಷನ್ ಕಪ್ ಇರುವ ಕಪ್ಪು ಪರದೆ ತಂದೆವು. ಮಲಗುವ ಒಂದು ಗಂಟೆ ಮೊದಲೇ ಮನೆಯ ಪರದೆಗಳನ್ನೆಲ್ಲ ಎಳೆದು ಟಿವಿ, ಫೋನ್ ಬಂದ್.

ಎರಡನೇ ತಪ್ಪು ಲೆಕ್ಕದ್ದು. ಒಂದರಿಂದ ಎರಡು ವರ್ಷದವರಿಗೆ ಹಗಲಿನ ನಿದ್ದೆಯೂ ಸೇರಿ ದಿನಕ್ಕೆ 11ರಿಂದ 14 ಗಂಟೆ, ಮೂರರಿಂದ ಐದು ವರ್ಷದವರಿಗೆ 10ರಿಂದ 13 ಗಂಟೆ ನಿದ್ದೆ ಬೇಕು ಅಂತ ಮಕ್ಕಳ ವೈದ್ಯರು ಹೇಳುತ್ತಾರೆ. ನನ್ನ ಮಗಳದು ಸುಮಾರು 12. ಅದರಲ್ಲಿ ಎರಡೂವರೆ ಗಂಟೆ ಮಧ್ಯಾಹ್ನ ನರ್ಸರಿಯಲ್ಲೇ ಮುಗಿಯುತ್ತಿತ್ತು. ಉಳಿದಿದ್ದು ಒಂಬತ್ತೂವರೆ. ಬೆಳಿಗ್ಗೆ 7ಕ್ಕೆ ಏಳುವ ಮಗುವಿಗೆ ರಾತ್ರಿ 9.30ಕ್ಕೆ ಮೊದಲು ನಿದ್ದೆ ಎಲ್ಲಿಂದ ಬರಬೇಕು? ನಾವು ನೋಡಿದರೆ, ಇಲ್ಲಿಯವರೆಲ್ಲ ಹಾಗೇ ಮಾಡುತ್ತಾರೆ ಅಂತ 7.30ಕ್ಕೇ ಮಲಗಿಸಿ ಎರಡು ಗಂಟೆ ಜಗಳ ಆಡುತ್ತಿದ್ದೆವು. ನರ್ಸರಿಯವರಿಗೆ ಹೇಳಿ ಮಧ್ಯಾಹ್ನ ಒಂದೇ ಗಂಟೆ ಮಲಗಿಸಿದೆವು, ರಾತ್ರಿ ಮಲಗುವ ಹೊತ್ತನ್ನು 8ಕ್ಕೆ ತಳ್ಳಿದೆವು. ಮೊದಲು ಈ ಲೆಕ್ಕ ಹಾಕಿ ನೋಡಿ. ಅರ್ಧ ಸಮಸ್ಯೆ ಇಲ್ಲೇ ಕರಗಬಹುದು.

ಇನ್ನರ್ಧ ಅತ್ತೆಯವರದು. ಅವರು ವಿಸಿಟರ್ ವೀಸಾದಲ್ಲಿ ಬಂದು ಆರು ತಿಂಗಳು ಇದ್ದು, ಮೇ ತಿಂಗಳಲ್ಲಿ ಊರಿಗೆ ಹೊರಟರು. ಇದ್ದಷ್ಟು ದಿನ ಮೊಮ್ಮಗಳ ಪಕ್ಕದಲ್ಲೇ ಮಲಗಿ ಬೆನ್ನು ತಟ್ಟುತ್ತಿದ್ದರು, ಹತ್ತೇ ನಿಮಿಷಕ್ಕೆ ಅವಳು ಗಪ್‌ಚಿಪ್. "ಇಷ್ಟು ಸಣ್ಣ ಕೂಸನ್ನ ಒಂಟಿಯಾಗಿ ಮಲಗಿಸ್ತೀರಲ್ಲೇ" ಅಂತ ನನ್ನನ್ನು ಬೈದಿದ್ದೂ ಉಂಟು. ಅವರು ಹೋದ ವಾರವೇ ನಾವು ಕಾಟ್ ತೆಗೆದೆವು. ಅವಳು ಕಂಬಿ ಹತ್ತಿ ದಾಟಲು ಕಲಿತಿದ್ದಳು, ಬಿದ್ದು ತಲೆ ಒಡೆದುಕೊಂಡರೆ ಕಷ್ಟ. ಅಜ್ಜಿಯೂ ಇಲ್ಲ, ಕಂಬಿಯೂ ಇಲ್ಲ. ಎದ್ದು ಬರದೆ ಇನ್ನೇನು ಮಾಡುತ್ತಾಳೆ?

ಹೆಲ್ತ್ ವಿಸಿಟರ್ (ಮನೆಗೆ ಬಂದು ಮಕ್ಕಳನ್ನು ನೋಡುವ ನರ್ಸ್) 27ರಿಂದ 30 ತಿಂಗಳ ನಡುವಿನ ತಪಾಸಣೆಗೆ ಬಂದಾಗ ಇದನ್ನೇ ಕೇಳಿದೆ. ಅವರು ಹೇಳಿದ್ದಿಷ್ಟೇ: ಬಂದಾಗಲೆಲ್ಲ ಕೈಹಿಡಿದು ವಾಪಸ್ ಕರೆದುಕೊಂಡು ಹೋಗಿ ಮಲಗಿಸಿ. ಬೈಬೇಡಿ, ಮುದ್ದಿಸಬೇಡಿ, ಮಾತಾಡಬೇಡಿ. ನಮಗೆ ಕಷ್ಟವಾದದ್ದು ಈ ಕೊನೆಯದು. "ಬಂಗಾರಿ, ಚಿನ್ನು, ಯಾಕಮ್ಮಾ, ನಾಳೆ ನರ್ಸರಿ ಇದೆ ಅಲ್ವಾ" ಅಂತ ಹತ್ತು ಮಾತಿಲ್ಲದೆ ನಮಗೆ ಮಗುವನ್ನು ಎತ್ತಿಕೊಳ್ಳಲೂ ಬರುವುದಿಲ್ಲ. ಆ ಮಾತು ಕೇಳುವುದಕ್ಕೇ ಅವಳು ಬರುತ್ತಿದ್ದಳು. "ಈಗ ಮಲಗೋ ಹೊತ್ತು" ಅಂತ ಒಂದೇ ವಾಕ್ಯ ಇಟ್ಟುಕೊಂಡೆವು. ಮೂರನೇ ರಾತ್ರಿ 9 ಸಲ ಬಂದಳು. ನಾಲ್ಕನೇ ರಾತ್ರಿ ಅಪ್ಪನ ಉಣ್ಣೆ ಟೋಪಿ ಹಾಕಿಕೊಂಡು ಬಂದಳು, ಅವಳಪ್ಪ ನಕ್ಕುಬಿಟ್ಟರು. ಮತ್ತೆ 17. ಆದರೂ ಎರಡು ವಾರದಲ್ಲಿ ಒಂದು, ಎರಡು ಸಲಕ್ಕೆ ಇಳಿಯಿತು.

ನಿಮ್ಮ ಪ್ರಶ್ನೆಗೆ ಉತ್ತರ ಬರೆದವರೊಬ್ಬರು ಮಗುವಿನ ರೂಮಿಗೆ ಹೊರಗಿನಿಂದ ಚಿಲಕ ಹಾಕಿ ಅಂದಿದ್ದಾರೆ. ದಯವಿಟ್ಟು ಬೇಡ. ಬೆಂಕಿ ಹತ್ತಿದರೆ ಗತಿಯೇನು? ಬಾಗಿಲಿಗೆ ಮಕ್ಕಳ ಗೇಟ್ ಹಾಕಿ. ಬೀರು, ಡ್ರಾಯರ್‌ಗಳನ್ನು ಗೋಡೆಗೆ ಬಿಗಿಯಲು ಮಾತ್ರ ಮನೆ ಮಾಲೀಕರ ಒಪ್ಪಿಗೆ ಕೇಳಿಯೇ ಕೇಳಿ, ರಾತ್ರಿ ಎದ್ದ ಮಗು ಅದನ್ನು ಹತ್ತುತ್ತದೆ. ಅಮೆರಿಕದಿಂದ ಮೆಲಟೋನಿನ್ ಗಮ್ಮಿ (ಮಿಠಾಯಿಯ ಹಾಗೆ ಅಗಿಯುವ ಮಾತ್ರೆ) ತರಿಸಿಕೊಳ್ಳಿ ಅನ್ನುವ ಸಲಹೆಯೂ ಬೇಡ. ಇಲ್ಲಿ ಅದನ್ನು ವೈದ್ಯರ ಚೀಟಿ ಇಲ್ಲದೆ ಕೊಡುವುದಿಲ್ಲ. ಮಗು ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ನಿಂತ ಹಾಗೆ ಆಗುತ್ತಿದ್ದರೆ ಜಿಪಿಗೆ (ಇಲ್ಲಿಯ ಫ್ಯಾಮಿಲಿ ಡಾಕ್ಟರಿಗೆ) ತೋರಿಸಿ, ಅದು ಬೇರೆ ವಿಷಯ. ಇನ್ನು ಗುಮ್ಮ. ನಾನೂ ಒಂದು ರಾತ್ರಿ ಸಾಕಾಗಿ "ಹೊರಗೆ ಗುಮ್ಮ ಇದ್ದಾನೆ" ಅಂದೆ. ಆಮೇಲೆ ನಾಲ್ಕು ದಿನ ಅವಳು ಎದ್ದು ಬರಲು ಗುಮ್ಮನೇ ಕಾರಣ.

ಬೇರೆ ರೂಮಿನಲ್ಲಿ ಮಲಗಿಸಲೇಬೇಕಾ ಅಂತಲೂ ಕೇಳಿದ್ದೀರಿ. ಬೇಕಿಲ್ಲ ಅಂತ ನನ್ನ ಅಭಿಪ್ರಾಯ. ಈ ವಯಸ್ಸಿಗೆ ಅದು ಇಲ್ಲಿಯ ರೂಢಿ, ಔಷಧಿಯೇನಲ್ಲ. ನಿಮಗೆ ಜೊತೆಯಲ್ಲೇ ಮಲಗಿಸುವ ಮನಸ್ಸಿದ್ದರೆ ಮಲಗಿಸಿ, ಯಾರಿಗೂ ಲೆಕ್ಕ ಕೊಡಬೇಕಿಲ್ಲ. ಆದರೆ ಸೋಮವಾರ ಜೊತೆಗೆ, ಮಂಗಳವಾರ ಬೇರೆ, ಬುಧವಾರ ಅತ್ತುಬಿಟ್ಟ ಅಂತ ಮತ್ತೆ ಜೊತೆಗೆ ಅಂದರೆ ಮಗು ಏನು ತಿಳಿದುಕೊಳ್ಳಬೇಕು? ನಾವು ಅತ್ತೆಯ ಮಾತನ್ನೂ ಅರ್ಧ ಉಳಿಸಿಕೊಂಡೆವು. ನಿದ್ದೆ ಹತ್ತುವುದು ಅವಳ ಹಾಸಿಗೆಯಲ್ಲೇ. ನಡುರಾತ್ರಿ ಹೆದರಿ ಬಂದರೆ ನಮ್ಮ ಮಂಚದ ಪಕ್ಕ ನೆಲದ ಮೇಲೆ ಒಂದು ಹಾಸಿಗೆ ಇದೆ. ಬಂದು ಮಲಗುತ್ತಾಳೆ, ಯಾರೂ ಏಳುವುದಿಲ್ಲ.

ಮೂರು ದಾಟಿದ ಮೇಲೆ ಇನ್ನೊಂದು ಉಪಾಯ ಇದೆ. ಒಂದು ಕಾರ್ಡ್ ಕೊಡಬೇಕು. ಅದನ್ನು ತಂದು ಕೊಟ್ಟರೆ ಒಂದೇ ಒಂದು ಸಲ ಹೊರಗೆ ಬರಬಹುದು, ನೀರಿಗೋ, ಅಪ್ಪುಗೆಗೋ. ಕಾರ್ಡ್ ಹೋಯಿತು ಅಂದರೆ ಮುಗಿಯಿತು. 1999ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಇದರ ಬಗ್ಗೆ ಲೇಖನ ಬಂದಿತ್ತು. ನಾನು ನಂಬಿರಲಿಲ್ಲ. ಈಗ ಅವಳಿಗೆ ಮೂರೂವರೆ. ನನ್ನ ಹಳೇ ಬಸ್ ಕಾರ್ಡ್ ಕೊಟ್ಟಿದ್ದೇನೆ. ಖರ್ಚಾಗಿಬಿಡುತ್ತೆ ಅಂತ ದಿಂಬಿನ ಕೆಳಗೆ ಬಚ್ಚಿಟ್ಟು ಮಲಗುತ್ತಾಳೆ, ಥೇಟ್ ಅವಳ ಅಜ್ಜಿ ದುಡ್ಡು ಇಡುವ ಹಾಗೆ.

ಮೊನ್ನೆ ಮಾತ್ರ ಎಂಟೂವರೆಗೆ ತಂದು ಕೈಗಿಟ್ಟಳು. ನೀರು ಬೇಡ, ಸುಸು ಇಲ್ಲ. "ಅಜ್ಜಿ ಮಲಗಿದ್ದಾರಾ?" ಅಲ್ಲಿ ರಾತ್ರಿ ಒಂದು ಗಂಟೆ, ಮಲಗಿದ್ದಾರೆ ಅಂದೆ. "ಅಲ್ಲಿ ಕತ್ತಲೆ ಇದೆಯಾ?" ಇದೆ ಅಂದೆ. ಸರಿ ಅಂತ ಹೋಗಿ ಮಲಗಿದಳು.